ಪುರಂದರದಾಸರು: ಸರಳೆ ವರಸೆಯಿಂದ ಸುಳಾದಿಯವರೆಗೆ

ಹೊಸಪೇಟೆಯಿಂದ ಅನಂತಶಯನಗುಡಿ, ಕಡ್ಡಿರಾಂಪುರಗಳನ್ನು ಹಾದು ಹಂಪಿಗೆ ಹೋಗುವ ದಾರಿಯಲ್ಲಿ ವಿಜಯನಗರದ ಹಲವು ಮುಖಗಳು ಎದುರಾಗುತ್ತವೆ. ಕಡ್ಡಿರಾಂಪುರದಲ್ಲಿ ಆ ಕಾಲದ ಮುಸ್ಲಿಮರ ಗೋರಿಗಳಿವೆ. ಮುಂದೆ ವಿರೂಪಾಕ್ಷನ ಗೋಪುರ, ಅದರೆದುರಿಗೆ ಉದ್ದನೆಯ ಬಜಾರಿನ ಕಲ್ಲುಸಾಲುಗಳು. ಅಲ್ಲಿಂದ ತುಂಗಭದ್ರೆಯ ದಂಡೆ ಹಿಡಿದು ವಿಜಯವಿಠಲ ದೇಗುಲದತ್ತ ನಡೆದರೆ, ನೀರಿನ ಅಂಚಿನಲ್ಲಿ ಒಂದು ಸಾದಾ ಕಲ್ಲಿನ ಮಂಟಪ ಕಾಣಿಸುತ್ತದೆ. ನದಿ ತುಂಬಿ ಹರಿದಾಗ ಈ ಮಂಟಪ ಮುಳುಗುತ್ತದೆ. ನೆರೆ ಇಳಿದ ಮೇಲೆ ಮತ್ತೆ ತಲೆಯೆತ್ತುತ್ತದೆ. ಇದೇ ಪುರಂದರ ಮಂಟಪ. ಪ್ರತಿ ವರ್ಷ ಪುರಂದರದಾಸರ ಆರಾಧನೆಗೆ ಗಾಯಕರು ಇಲ್ಲಿ ಬಂದು ಸೇರುತ್ತಾರೆ.

ಕರ್ನಾಟಕ ಸಂಗೀತದ ಪಿತಾಮಹ ಎಂಬ ಬಿರುದು ದಾಸರಿಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಅವರು ನಿಜಕ್ಕೂ ಸಂಗೀತದಲ್ಲಿ ಏನು ಮಾಡಿದರು ಎಂಬ ಪ್ರಶ್ನೆಯನ್ನೇ ನಾವು ಕೇಳುವುದಿಲ್ಲ. ಅವರ ಹಾಡುಗಳ ಸಾಹಿತ್ಯ ಎಲ್ಲರಿಗೂ ಗೊತ್ತು. ಆದರೆ ಅವರು ಸಾಹಿತ್ಯಕಾರರಷ್ಟೇ ಅಲ್ಲ, ವಾಗ್ಗೇಯಕಾರರು. ಮಾತು ಮತ್ತು ಧಾತು ಎರಡನ್ನೂ ಕಟ್ಟಿದವರು. ಅವರ ಸಂಗೀತ ರಚನೆಯ ವೈವಿಧ್ಯವನ್ನು ನೋಡಹೊರಟರೆ ಬೇರೆಯೇ ಒಂದು ಚಿತ್ರ ಎದುರು ನಿಲ್ಲುತ್ತದೆ.

ವರ್ತಕನಿಂದ ದಾಸನಾಗಿ

ದಾಸರ ಪೂರ್ವಾಶ್ರಮದ ಹೆಸರು ಶ್ರೀನಿವಾಸ ನಾಯಕ. ತಂದೆ ವರದಪ್ಪ ನಾಯಕರು ಸಿರಿವಂತ ವ್ಯಾಪಾರಿ. ಸಂಪ್ರದಾಯದ ಪ್ರಕಾರ ಹುಟ್ಟಿದ ವರ್ಷ 1484. ಹುಟ್ಟೂರಿನ ಬಗ್ಗೆ ಬಹುಕಾಲ ವಾದವಿತ್ತು. ಪುಣೆಯ ಬಳಿಯ ಪುರಂದರಗಡ ಎಂದು ಒಂದು ಪಕ್ಷ ಹೇಳಿದರೆ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಬಳಿಯ ಕ್ಷೇಮಪುರ ಎಂದು ಇನ್ನೊಂದು ಪಕ್ಷ ಹೇಳುತ್ತಿತ್ತು. ಈಚಿನ ವರ್ಷಗಳಲ್ಲಿ ಈ ವಿಷಯವನ್ನು ಪರಿಶೀಲಿಸಿದ ತಜ್ಞರ ಸಮಿತಿ ಕ್ಷೇಮಪುರದ ಪರವಾಗಿ ಅಭಿಪ್ರಾಯ ನೀಡಿದೆ.

ನವಕೋಟಿ ನಾರಾಯಣನೆನಿಸಿದ್ದ ಜಿಪುಣ ವರ್ತಕ ಹರಿದಾಸನಾದ ಕಥೆ ನಾಡಿಗೆಲ್ಲ ಪರಿಚಿತ. ಮಗನ ಉಪನಯನಕ್ಕೆಂದು ಹಣ ಬೇಡುತ್ತ ಬಡ ಬ್ರಾಹ್ಮಣನೊಬ್ಬ ಅಂಗಡಿಗೆ ಅಲೆದದ್ದು, ಬರಿಗೈಯಲ್ಲಿ ಮರಳಿದ ಅವನಿಗೆ ನಾಯಕರ ಪತ್ನಿ ಸರಸ್ವತಿ ತಮ್ಮ ಮೂಗುತಿಯನ್ನೇ ಕೊಟ್ಟದ್ದು, ಅದು ಒತ್ತೆಗೆಂದು ನಾಯಕರ ಅಂಗಡಿಗೇ ಬಂದದ್ದು, ಪೆಟ್ಟಿಗೆಯಲ್ಲಿಟ್ಟ ಒಡವೆ ಮಾಯವಾದದ್ದು: ಹರಿಕಥೆಗಳಲ್ಲಿ, ನಾಟಕಗಳಲ್ಲಿ, 1964ರಲ್ಲಿ ತೆರೆಕಂಡ ಡಾ. ರಾಜ್‌ಕುಮಾರ್ ಅಭಿನಯದ ನವಕೋಟಿ ನಾರಾಯಣ ಚಿತ್ರದಲ್ಲಿ ಇದು ಮತ್ತೆ ಮತ್ತೆ ಹೇಳಲ್ಪಟ್ಟಿದೆ. ಕಥೆಯ ಎಳೆಗಳಿಗೆ ದಾಖಲೆ ಬೇಡುವುದು ಸಲ್ಲದು. ಆದರೆ ಲೇವಾದೇವಿ, ಲಾಭ, ನಷ್ಟ, ಸಂತೆ, ಸರಕುಗಳ ನುಡಿ ಅವರ ಪದಗಳಲ್ಲಿ ಎಷ್ಟು ಸಹಜವಾಗಿ ಬರುತ್ತದೆಯೆಂದರೆ, ಅಂಗಡಿಯ ಕಟ್ಟೆಯ ಮೇಲೆ ಕುಳಿತ ಅನುಭವ ಅದರ ಹಿಂದೆ ಇದೆ ಎಂದು ಯಾರಿಗಾದರೂ ಅನ್ನಿಸದೆ ಇರದು.

ಸುಮಾರು 1525ರಲ್ಲಿ ಅವರು ವಿಜಯನಗರದಲ್ಲಿ ವ್ಯಾಸರಾಯರಿಂದ ದಾಸದೀಕ್ಷೆ ಪಡೆದರೆಂದು ಸಂಪ್ರದಾಯ ಹೇಳುತ್ತದೆ. ಪುರಂದರ ವಿಠಲ ಎಂಬ ಅಂಕಿತ ಗುರುಗಳಿಂದ ಬಂದದ್ದು. ಆಗ ಕೃಷ್ಣದೇವರಾಯನ ಆಳ್ವಿಕೆ. ಬಳಿಕ ಅಚ್ಯುತರಾಯ, ಸದಾಶಿವರಾಯರ ಕಾಲ. ವ್ಯಾಸರಾಯರ ವಿದ್ವತ್‌ಮಂಡಲದಲ್ಲಿ ಸಂಸ್ಕೃತದ ತರ್ಕ, ವೇದಾಂತಗಳ ಚರ್ಚೆ ನಡೆಯುತ್ತಿದ್ದಾಗಲೇ ಕನಕದಾಸರಂಥವರೂ ಅದರ ಬಳಗದಲ್ಲಿದ್ದರು. ಪುರಂದರದಾಸರು ಗೆಜ್ಜೆ ಕಟ್ಟಿ, ತಂಬೂರಿ ಹಿಡಿದು ಬೀದಿಗೆ ಇಳಿದರು.

ಎಣಿಕೆಗೆ ಮೀರಿದ ಸಂಖ್ಯೆ

ದಾಸರು 4,75,000 ಪದಗಳನ್ನು ರಚಿಸಿದರು ಎಂಬುದು ಪ್ರಸಿದ್ಧವಾದ ಮಾತು. ಐದು ಲಕ್ಷಕ್ಕೆ ಉಳಿದ 25,000 ಪದಗಳನ್ನು ಹದಿನೆಂಟನೆಯ ಶತಮಾನದಲ್ಲಿ ವಿಜಯದಾಸರು ಪೂರೈಸಿದರೆಂದೂ ನಂಬಿಕೆಯಿದೆ. ದೀಕ್ಷೆಯಿಂದ ಕೊನೆಯವರೆಗಿನ ಅವಧಿ ನಲವತ್ತು ವರ್ಷ ಎಂದಿಟ್ಟುಕೊಂಡರೂ ಇದು ದಿನಕ್ಕೆ ಮೂವತ್ತೆರಡು ಹಾಡುಗಳ ಲೆಕ್ಕವಾಗುತ್ತದೆ. ಇಂದು ನಮಗೆ ದೊರೆತಿರುವುದು ಅದರ ಬಹು ಚಿಕ್ಕ ಅಂಶ ಮಾತ್ರ. ಅದರಲ್ಲಿಯೂ ಅಂಕಿತ ಅವರದಾಗಿದ್ದು ರಚನೆ ಬೇರೆಯವರದಾಗಿರಬಹುದಾದ ಪದಗಳಿವೆ ಎಂದು ವಿದ್ವಾಂಸರು ತೋರಿಸಿದ್ದಾರೆ. ಜನ ತಾವು ಮೆಚ್ಚಿದ ಹಾಡಿಗೆ ತಾವು ಮೆಚ್ಚಿದ ದಾಸರ ಹೆಸರನ್ನು ಕೊಟ್ಟಿರುವುದು ಸಹಜವೇ. ಹಾಗಾಗಿ ಲಕ್ಷದ ಸಂಖ್ಯೆಯನ್ನು ಭಕ್ತಿಯ ಅಳತೆಯೆಂದು ತಿಳಿಯುವುದು ಮೇಲು. ದಾಸರ ಹಿರಿಮೆಯನ್ನು ನೋಡಬೇಕಾದದ್ದು ಎಣಿಕೆಯಲ್ಲಲ್ಲ, ಬಗೆಯಲ್ಲಿ.

ಎಲ್ಲರೂ ಬಲ್ಲದ್ದು ಕೀರ್ತನೆ, ಅಂದರೆ ದೇವರನಾಮ. ಪಲ್ಲವಿ, ಅನುಪಲ್ಲವಿ, ಚರಣಗಳ ಈ ಕಟ್ಟು ಅವರಿಗಿಂತ ಹಿಂದೆಯೇ ಇತ್ತು. ತಿರುಪತಿಯ ಅನ್ನಮಾಚಾರ್ಯರು, ಮುಳಬಾಗಿಲಿನ ಶ್ರೀಪಾದರಾಜರು ಅದನ್ನು ಬೆಳೆಸಿದ್ದರು. ದಾಸರು ಅದರೊಳಗೆ ತುಂಬಿದ ಲೋಕವೇ ಹೊಸದು. ಯಶೋದೆಯ ಅಂಗಳ, ಗೋಪಿಯರ ದೂರು, ತೊಟ್ಟಿಲ ಜೋಗುಳ, ಅತ್ತೆ ಸೊಸೆಯರ ಮನೆ, ಡಾಂಭಿಕರ ಪೂಜೆ, ನಾಲಗೆಯ ಚಾಪಲ್ಯ, ಸಾವಿನ ಕರೆ ಎಲ್ಲವೂ ಆಡುಮಾತಿನಲ್ಲಿ ಹಾಡಿಗೆ ಬಂದವು. ಮುಂಡಿಗೆ ಎಂಬ ಒಗಟಿನ ಪದಗಳನ್ನೂ ಅವರು ಕಟ್ಟಿದರು. ಮೇಲ್ನೋಟಕ್ಕೆ ಅರ್ಥವಾಗದ ಇವು ಬಿಡಿಸಿದಾಗ ತತ್ತ್ವವನ್ನು ಹೇಳುತ್ತವೆ.

ಎರಡನೆಯದು ಉಗಾಭೋಗ. ಇದಕ್ಕೆ ತಾಳದ ಹಂಗಿಲ್ಲ. ಕೆಲವೇ ಸಾಲುಗಳ ಸಾಹಿತ್ಯ. ರಾಗವನ್ನು ಆಯ್ದುಕೊಳ್ಳುವುದು, ಎಲ್ಲಿ ನಿಲ್ಲಬೇಕು, ಎಲ್ಲಿ ಎಳೆಯಬೇಕು ಎಂಬುದನ್ನು ನಿರ್ಧರಿಸುವುದು ಹಾಡುವವರಿಗೆ ಬಿಟ್ಟದ್ದು. ಇಲ್ಲಿ ರಚನಕಾರ ಅರ್ಧ ಕೆಲಸ ಮಾಡಿ ಉಳಿದರ್ಧವನ್ನು ಗಾಯಕನ ಮನೋಧರ್ಮಕ್ಕೆ ಒಪ್ಪಿಸುತ್ತಾನೆ. ಕಛೇರಿಯ ಕೊನೆಯಲ್ಲಿ ದೇವರನಾಮಕ್ಕೆ ಮುನ್ನ ಉಗಾಭೋಗವನ್ನು ರಾಗಮಾಲಿಕೆಯಲ್ಲಿ ಹಾಡುವ ಪದ್ಧತಿ ಇಂದಿಗೂ ಇದೆ.

ಮೂರನೆಯದು ಸುಳಾದಿ. ಉಗಾಭೋಗದಲ್ಲಿ ಬಿಟ್ಟುಕೊಟ್ಟ ತಾಳವನ್ನು ದಾಸರು ಇಲ್ಲಿ ಎಲ್ಲ ಕಟ್ಟುಪಾಡುಗಳೊಡನೆ ಮರಳಿ ತರುತ್ತಾರೆ. ಸುಳಾದಿಯ ಒಂದೊಂದು ಖಂಡಕ್ಕೂ ಒಂದೊಂದು ತಾಳ. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳು ಇದರಲ್ಲಿ ಬಳಕೆಯಾಗುತ್ತವೆ. ಇಂದಿನ ಪಾಠದ ಲೆಕ್ಕದಲ್ಲಿ ಇವುಗಳ ಒಂದು ಆವರ್ತಕ್ಕೆ ಕ್ರಮವಾಗಿ 14, 10, 6, 10, 7, 14, 4 ಅಕ್ಷರಗಳು. ಹದಿನಾಲ್ಕರ ನಡಿಗೆಯಲ್ಲಿ ಆರಂಭವಾದ ವಿಚಾರ ಹತ್ತಕ್ಕೆ, ಆರಕ್ಕೆ, ಏಳಕ್ಕೆ ಹೊರಳುತ್ತ ಕೊನೆಗೆ ಜತೆ ಎಂಬ ಎರಡು ಸಾಲಿನಲ್ಲಿ ಮುಗಿಯುತ್ತದೆ. ತಾಳ ಬದಲಾದಂತೆ ವಾಕ್ಯದ ಉಸಿರೂ ಬದಲಾಗಬೇಕು. ಆದರೆ ವಿಷಯದ ಎಳೆ ತುಂಡಾಗಬಾರದು. ಹಳೆಯ ಸಾಲಗಸೂಡ ಪ್ರಬಂಧದಿಂದ ಬೆಳೆದು ಬಂದ ಈ ರೂಪವನ್ನು ಶ್ರೀಪಾದರಾಜರೂ ವ್ಯಾಸರಾಯರೂ ಬಳಸಿದ್ದರು. ತಂಜಾವೂರಿನ ದೊರೆ ತುಳಜನ ಸಂಗೀತಸಾರಾಮೃತದಂಥ ಶಾಸ್ತ್ರಗ್ರಂಥ ಹದಿನೆಂಟನೆಯ ಶತಮಾನದಲ್ಲಿ ಪುರಂದರದಾಸರ ಸುಳಾದಿಗಳನ್ನು ನೆನೆಯುತ್ತದೆ ಎಂದ ಮೇಲೆ, ವಿದ್ವಾಂಸರ ನಡುವೆ ಅವುಗಳಿಗಿದ್ದ ಸ್ಥಾನ ತಿಳಿಯುತ್ತದೆ.

ಮೊದಲ ಪಾಠದ ಗುರು

ಸುಳಾದಿಯಂಥ ಕ್ಲಿಷ್ಟ ರೂಪವನ್ನು ಕಟ್ಟಿದ ಕೈಯೇ ಏನೂ ಅರಿಯದ ಮಗುವಿಗೆ ಪಾಠವನ್ನೂ ಸಿದ್ಧಪಡಿಸಿತು ಎಂಬುದು ಈ ಬದುಕಿನ ದೊಡ್ಡ ಸೋಜಿಗ. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳಗಳ ಅಲಂಕಾರ, ಆಮೇಲೆ ಗೀತೆ: ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಸಂಗೀತ ಪರಂಪರೆ ಒಮ್ಮತದಿಂದ ಹೇಳುತ್ತದೆ.

ಅಭ್ಯಾಸಕ್ಕೆ ಆಯ್ದ ರಾಗವನ್ನು ಗಮನಿಸಬೇಕು. ಆಗ ಮಾಳವಗೌಳ ಎನ್ನಿಸಿಕೊಂಡಿದ್ದ ಈ ರಾಗಕ್ಕೆ, ಮೇಳಕರ್ತಗಳ ಪಟ್ಟಿಯಲ್ಲಿ ಹದಿನೈದನೆಯ ಸ್ಥಾನ ಸೂಚಿಸಲು ಮಾಯಾ ಎಂಬ ಪೂರ್ವಪದ ಮುಂದೆ ಸೇರಿತು. ಇದರಲ್ಲಿ ಸ ಮತ್ತು ರಿ ಹತ್ತಿರ ಹತ್ತಿರ, ರಿ ಮತ್ತು ಗ ದೂರ ದೂರ, ಗ ಮತ್ತು ಮ ಮತ್ತೆ ಹತ್ತಿರ. ಮೇಲಿನ ಅರ್ಧದಲ್ಲಿ ಪ, ದ, ನಿ, ಸಗಳೂ ಇದೇ ಅಳತೆಯಲ್ಲಿ ನಿಂತಿವೆ. ಕೆಳಗೆ ಕಲಿತದ್ದನ್ನೇ ಮೇಲೆ ಮತ್ತೊಮ್ಮೆ ಮಾಡಿದರೆ ಸಾಕು. ಚಿಕ್ಕ ಅಂತರ, ದೊಡ್ಡ ಅಂತರ ಎರಡೂ ಮಗುವಿನ ಕಿವಿಗೆ ಒಂದೇ ಪಾಠದಲ್ಲಿ ಬೀಳುತ್ತವೆ. ಇದರ ನಂತರ ಬರುವ ಪಿಳ್ಳಾರಿ ಗೀತೆಗಳು ಮಲಹರಿ ರಾಗದಲ್ಲಿವೆ. ಮಲಹರಿಯೂ ಇದೇ ಮೇಳದಿಂದ ಹುಟ್ಟಿದ್ದು. ನಿಷಾದವಿಲ್ಲದ ಈ ರಾಗ ಕಛೇರಿಗಳಲ್ಲಿ ಕೇಳಿಬರುವುದು ಅಪರೂಪ. ಆದರೆ ದಕ್ಷಿಣ ಭಾರತದಲ್ಲಿ ಸಂಗೀತ ಕಲಿತ ಯಾರೂ ಇದನ್ನು ಹಾಡದೆ ಮುಂದೆ ಹೋಗಿಲ್ಲ.

ಅದೇ ನಗರದಲ್ಲಿ, ಅದೇ ಕಾಲದಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ ಸ್ವರಮೇಳಕಲಾನಿಧಿ ಎಂಬ ಸಂಸ್ಕೃತ ಗ್ರಂಥ ರಚಿಸಿ ಮೇಳಗಳ ಶಾಸ್ತ್ರವನ್ನು ನಿರೂಪಿಸಿದ. ಆಸ್ಥಾನದಲ್ಲಿ ಶಾಸ್ತ್ರ, ಬೀದಿಯಲ್ಲಿ ಪಾಠ ಎರಡೂ ಒಟ್ಟಿಗೆ ರೂಪುಗೊಂಡ ಊರು ಹಂಪಿ. ಶಾಸ್ತ್ರಗ್ರಂಥ ಇಂದು ವಿದ್ವಾಂಸರ ಕಪಾಟಿನಲ್ಲಿದೆ. ಪಾಠ ಮಕ್ಕಳ ಬಾಯಲ್ಲಿದೆ.

ಉಳಿದದ್ದು, ಅಳಿದದ್ದು

ದಾಸರು ಕೊನೆಯುಸಿರೆಳೆದದ್ದು ರಕ್ತಾಕ್ಷಿ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯಂದು. ಇದನ್ನು 1564 ಎಂದು ಬರೆಯುವುದು ರೂಢಿ. 1964ರಲ್ಲಿ ಅಂಚೆ ಇಲಾಖೆ ಅವರ ನೆನಪಿನ ಚೀಟಿ ಹೊರತಂದಿತು. ಪಂಚಾಂಗದ ಲೆಕ್ಕ ಹಿಡಿದು ನೋಡಿದರೆ ಆ ಅಮಾವಾಸ್ಯೆ ಬೀಳುವುದು 1565ರ ಜನವರಿ ಆರಂಭದಲ್ಲಿ. ಅದೇ ತಿಂಗಳ 23ರಂದು ರಕ್ಕಸತಂಗಡಗಿ ಯುದ್ಧ ನಡೆಯಿತು. ದಾಸರು ಕಣ್ಮುಚ್ಚಿದ ಮೂರೇ ವಾರಗಳಲ್ಲಿ ಅವರು ಹಾಡಿದ ನಗರದ ಕಾಲವೂ ಮುಗಿಯಿತು. ಅವರ ಪದಗಳನ್ನು ಅವರ ಧಾಟಿಯಲ್ಲೇ ಕೇಳಿ ಕಲಿತಿದ್ದ ಜನ ದಿಕ್ಕಾಪಾಲಾದರು. ಹರಿದಾಸ ಪರಂಪರೆ ಮತ್ತೆ ತುಂಬಿ ಹರಿಯಲು ಮಾನ್ವಿ ಸೀಮೆಯ ಚೀಕಲಪರವಿಯ ವಿಜಯದಾಸರವರೆಗೆ ಕಾಯಬೇಕಾಯಿತು.

ಈ ನಡುವೆ ಆದ ನಷ್ಟ ದೊಡ್ಡದು. ಪದಗಳು ಉಳಿದವು, ಅವುಗಳ ಮೂಲ ಮಟ್ಟುಗಳು ಹೆಚ್ಚಿನಂಶ ಮರೆಯಾದವು. ಓಲೆಗರಿಗಳಲ್ಲಿ ರಾಗ, ತಾಳಗಳ ಹೆಸರು ಇರಬಹುದು; ಹಾಡಿದ ಬಗೆ ಇಲ್ಲ. 1850ರಲ್ಲಿ ಹೆರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದಾಗ ಪುಸ್ತಕಕ್ಕೆ ಬಂದದ್ದೂ ಸಾಹಿತ್ಯವೇ. ಎಂ.ಎಲ್. ವಸಂತಕುಮಾರಿ ಮತ್ತು ಭೀಮಸೇನ ಜೋಶಿಯವರ ಕಂಠದಲ್ಲಿ ನಾವು ಕೇಳಿ ತಲೆದೂಗಿದ ದೇವರನಾಮಗಳ ರಾಗಸಂಯೋಜನೆ ಬಹುಮಟ್ಟಿಗೆ ಮುಂದಿನವರದು. ಒಂದೇ ಪದ ಕರ್ನಾಟಕ ಸಂಗೀತದಲ್ಲೂ ಹಿಂದೂಸ್ತಾನಿಯಲ್ಲೂ ಭಜನೆಯ ಮನೆಯಲ್ಲೂ ಬೇರೆ ಬೇರೆ ರಾಗದಲ್ಲಿ ನಲಿಯುತ್ತದೆ. ಪದದ ಕಟ್ಟು ಗಟ್ಟಿಯಾಗಿರುವುದರಿಂದಲೇ ಇದು ಸಾಧ್ಯವಾಗಿದೆ. ಆದರೂ ಪಿತಾಮಹನ ಸ್ವಂತ ರಾಗ ನಮ್ಮ ಕಿವಿಗೆ ಬಿದ್ದಿಲ್ಲ ಎಂಬ ಕೊರಗು ತಪ್ಪದು.

ಸುಳಾದಿಯ ಪಾಡು ಇನ್ನೂ ಕಷ್ಟದ್ದು. ಪಾರಾಯಣದಲ್ಲಿ ಅದನ್ನು ಓದುವವರಿದ್ದಾರೆ, ತಾಳ ಹಾಕಿ ಹಾಡುವವರು ವಿರಳ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದ ಹಸ್ತಪ್ರತಿಗಳಲ್ಲಿ ಸ್ವರಸಹಿತವಾದ ಕೆಲವು ಸುಳಾದಿಗಳು ಉಳಿದಿರುವುದು ಸಂಶೋಧಕರಿಗೆ ಆಸರೆ. ಅವುಗಳನ್ನು ಓದಿ ಮತ್ತೆ ವೇದಿಕೆಗೆ ತರುವ ಕೆಲಸಕ್ಕೆ ನಮ್ಮ ಸಂಗೀತ ಸಭೆಗಳ ಒತ್ತಾಸೆ ಬೇಕು. ಕನ್ನಡದ ವಾಗ್ಗೇಯಕಾರನ ಅತ್ಯಂತ ಸಾಹಸದ ರಚನೆಗಳನ್ನು ಕೇಳಲು ಕನ್ನಡಿಗರು ಇನ್ನೊಂದು ನಾಡಿನ ಹಸ್ತಪ್ರತಿಗಳನ್ನೇ ನೆಚ್ಚಬೇಕಾಗಿರುವುದು ನಮ್ಮ ಅಸಡ್ಡೆಗೂ ಸಾಕ್ಷಿ.

ತ್ಯಾಗರಾಜರು ತಮ್ಮ ಪ್ರಹ್ಲಾದ ಭಕ್ತಿ ವಿಜಯದಲ್ಲಿ ಪುರಂದರದಾಸರಿಗೆ ನಮಿಸಿದ್ದಾರೆ. ಆ ಗೌರವ ಕೀರ್ತನೆಗಳ ಭಕ್ತಿಗೆ ಸಂದಂತೆ ಅವುಗಳ ಕಟ್ಟುವಿಕೆಗೂ ಸಂದದ್ದು. ನಗರ ಅಳಿಯಿತು, ವಿಠಲನ ಗುಡಿ ಬರಿದಾಯಿತು, ಮಟ್ಟುಗಳು ಗಾಳಿಗೆ ಸೇರಿದವು. ಆದರೂ ಬೆಂಗಳೂರು, ಮೈಸೂರು, ಚೆನ್ನೈಗಳ ಯಾವುದೋ ಮನೆಯಲ್ಲಿ ಇಂದು ಬೆಳಿಗ್ಗೆ ಒಂದು ಮಗು ಶ್ರುತಿಪೆಟ್ಟಿಗೆಯ ಮುಂದೆ ಕುಳಿತು ಸ ರಿ ಗ ಮ ಎಂದು ಆರಂಭಿಸುತ್ತದೆ. ಆ ಪಾಠದ ಮೇಲೆ ಪುರಂದರ ವಿಠಲ ಎಂಬ ಅಂಕಿತವಿಲ್ಲ. ಬೇರೆಯವರ ಹಾಡುಗಳಿಗೂ ತನ್ನ ಹೆಸರು ಅಂಟಿಕೊಂಡ ವಾಗ್ಗೇಯಕಾರನ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ರಚನೆಗೆ ಅವನ ಹೆಸರೇ ಇಲ್ಲ.