ಶ್ರೀಮತಿ ಕ್ಯಾಮರನ್ ಮತ್ತು ಆಕೆಯ ಮಸೂರ

ಕಳೆದ ಬೇಸಗೆಯ ರಜೆಯಲ್ಲಿ ಎರಡು ಮಧ್ಯಾಹ್ನಗಳನ್ನು ನಾನು ಊಟದ ಮೇಜಿನ ಮೇಲೆ ಅಳತೆಪಟ್ಟಿಯೊಂದನ್ನು ಓರೆಯಾಗಿ ನಿಲ್ಲಿಸಿ ಅದರ ಚಿತ್ರ ತೆಗೆಯುವುದರಲ್ಲಿ ಕಳೆದೆ. ಕನ್ನಡ ಪಾಠ ಹೇಳುವವನಿಗೆ ಈ ಉದ್ಯೋಗವೇಕೆಂದು ಮನೆಯವರು ಕೇಳದೆ ಬಿಡಲಿಲ್ಲ. ಕಾರಣವಿತ್ತು. ನನಗೆ ಹಳಗನ್ನಡ ಕಲಿಸಿದ ಗುರುಗಳನ್ನು ಅವರ ಮನೆಯ ಜಗಲಿಯಲ್ಲಿ ಕೂರಿಸಿ ಹಿಂದಿನ ವರ್ಷ ಹನ್ನೊಂದು ಚಿತ್ರಗಳನ್ನು ತೆಗೆದಿದ್ದೆ. ಹನ್ನೊಂದರಲ್ಲಿಯೂ ಅವರ ಕಿವಿಯ ರೋಮಗಳು ಎಣಿಸಿಕೊಳ್ಳುವಷ್ಟು ನಿಚ್ಚಳವಾಗಿದ್ದವು. ಕಣ್ಣುಗಳು ಮಾತ್ರ ಮಂಜಿನ ಒಳಗಿನಿಂದ ನೋಡುವಂತಿದ್ದವು. ನಾನು ಗುರಿಯಿಟ್ಟದ್ದು ಕಣ್ಣಿಗೆ. ಕ್ಯಾಮೆರಾ ಹಿಡಿದದ್ದು ಕಿವಿಯನ್ನು. ಮತ್ತೊಮ್ಮೆ ಹೋಗಿ ತೆಗೆದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಗುರುಗಳು ತೀರಿಕೊಂಡರು.

ಕನ್ನಡಿಯುಳ್ಳ ಕ್ಯಾಮೆರಾಗಳಲ್ಲಿ ಇಂಥ ದೋಷ ಅಪರೂಪವೇನಲ್ಲ. ಮಸೂರದ ಮೂಲಕ ಬಂದ ಬೆಳಕಿನ ಒಂದು ಪಾಲು ಕೆಳಗಡೆ ಇರುವ ಬೇರೊಂದು ಸಂವೇದಕಕ್ಕೆ ಹೋಗುತ್ತದೆ. ನಾಭಿ ಎಲ್ಲಿ ನಿಲ್ಲಬೇಕೆಂಬುದು ಅಲ್ಲಿ ತೀರ್ಮಾನವಾಗುತ್ತದೆ. ಚಿತ್ರ ಮೂಡುವುದು ಮಾತ್ರ ಹಿಂಭಾಗದ ಇನ್ನೊಂದು ಫಲಕದಲ್ಲಿ. ಈ ಎರಡು ಹಾದಿಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಾಕು, ಕಣ್ಣು ಹೋಗಿ ಕಿವಿ ಬರುತ್ತದೆ. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಚಿತ್ರ ಹಿಡಿಯುವ ಫಲಕವೇ ನಾಭಿಯನ್ನೂ ನಿರ್ಣಯಿಸುವುದರಿಂದ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ. ನನ್ನದು ಹಳೆಯದು. ಪರಿಹಾರ ಮನೆಯಲ್ಲಿಯೇ ಸಾಧ್ಯ. ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ಭದ್ರವಾಗಿ ನಿಲ್ಲಿಸಬೇಕು. ಅದಕ್ಕೆ ನೇರವಾಗಿ ಎದುರಾಗುವಂತೆ ಅಚ್ಚಿನ ಅಕ್ಷರವಿರುವ ಒಂದು ರಟ್ಟನ್ನೂ, ಅದರ ಪಕ್ಕದಲ್ಲಿ ಹಿಂದಕ್ಕೆ ಒರಗಿದಂತೆ ಒಂದು ಅಳತೆಪಟ್ಟಿಯನ್ನೂ ಇಡಬೇಕು. ಮಸೂರದ ದ್ವಾರವನ್ನು ಪೂರ್ತಿ ತೆರೆಯಬೇಕು. ಪ್ರತಿ ಸಲವೂ ನಾಭಿಯನ್ನು ಬೇಕೆಂದೇ ಕೆಡಿಸಿ, ಕ್ಯಾಮೆರಾ ತಾನಾಗಿ ರಟ್ಟಿನ ಮೇಲೆ ನಾಭಿ ಹಿಡಿಯುವಂತೆ ಬಿಟ್ಟು ಚಿತ್ರ ತೆಗೆಯಬೇಕು. ಪಟ್ಟಿಯ ಯಾವ ಗೆರೆ ಅತ್ಯಂತ ಸ್ಪಷ್ಟವಾಗಿದೆಯೆಂದು ನೋಡಿದರೆ ತಪ್ಪು ಹಿಂದಕ್ಕೋ ಮುಂದಕ್ಕೋ, ಎಷ್ಟು ಎಂಬುದು ತಿಳಿಯುತ್ತದೆ. ನನ್ನ ಮಸೂರ ಹಿಂದಕ್ಕೆ ಹೋಗುತ್ತಿತ್ತು. ಕ್ಯಾಮೆರಾದೊಳಗಿನ ತಿದ್ದುಪಡಿಯ ಅಂಕವನ್ನು ಏಳು ಮೆಟ್ಟಿಲು ಋಣದ ಕಡೆಗೆ ಸರಿಸಿದ ಮೇಲೆ ಸರಿಹೋಯಿತು.

ಆ ಕೆಲಸದ ನಡುವೆಯೇ ನನಗೆ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ನೆನಪಾದದ್ದು. ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಕಾರರಲ್ಲಿ ನಾಭಿಯ ವಿಚಾರವಾಗಿ ಆಕೆಯಷ್ಟು ಬೈಸಿಕೊಂಡವರು ಬೇರೆ ಯಾರೂ ಇರಲಾರರು.

ಆಕೆ ಹುಟ್ಟಿದ್ದು ಕಲ್ಕತ್ತೆಯಲ್ಲಿ, 1815ರ ಜೂನ್ 11ರಂದು. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ; ತಾಯಿ ಫ್ರೆಂಚ್ ವಂಶದವರು. ಪ್ಯಾಟಲ್ ಸೋದರಿಯರು ಏಳು ಮಂದಿ. ಚೆಲುವಿಗೆ ಹೆಸರಾದ ಆ ಗುಂಪಿನಲ್ಲಿ ಚೆಲುವೆಯೆನಿಸದವರು ಜೂಲಿಯಾ ಒಬ್ಬರೇ. ಜೀವನವಿಡೀ ಇತರರ ಮುಖದಲ್ಲಿ ಚೆಲುವನ್ನು ಹುಡುಕಿದುದಕ್ಕೆ ಇದೇ ಕಾರಣವೆಂದು ಕೆಲವರು ಬರೆದಿದ್ದಾರೆ. ಇಂಥ ಸುಲಭ ಮನಶ್ಶಾಸ್ತ್ರದಲ್ಲಿ ನನಗೆ ನಂಬಿಕೆ ಕಡಿಮೆ. ವಿದ್ಯಾಭ್ಯಾಸ ಫ್ರಾನ್ಸಿನಲ್ಲಿ, ಅಜ್ಜಿಯ ಆಶ್ರಯದಲ್ಲಿ ನಡೆಯಿತು. 1836ರಲ್ಲಿ ಆರೋಗ್ಯಕ್ಕಾಗಿ ದಕ್ಷಿಣ ಆಫ್ರಿಕದ ಕೇಪ್ ಪ್ರಾಂತಕ್ಕೆ ಹೋದಾಗ ಇಬ್ಬರ ಪರಿಚಯವಾಯಿತು. ಒಬ್ಬರು ದಕ್ಷಿಣಾಕಾಶದ ನಕ್ಷತ್ರಗಳನ್ನು ಎಣಿಸಲು ಅಲ್ಲಿಗೆ ಬಂದಿದ್ದ ಖಗೋಳಶಾಸ್ತ್ರಜ್ಞ ಸರ್ ಜಾನ್ ಹರ್ಷೆಲ್. ಇನ್ನೊಬ್ಬರು ನ್ಯಾಯಶಾಸ್ತ್ರ ಪಂಡಿತ ಚಾರ್ಲ್ಸ್ ಹೇ ಕ್ಯಾಮರನ್. ಆಕೆಗಿಂತ ಇಪ್ಪತ್ತು ವರ್ಷ ಹಿರಿಯರಾದ ಚಾರ್ಲ್ಸರನ್ನು 1838ರಲ್ಲಿ ಕಲ್ಕತ್ತೆಯಲ್ಲಿ ಮದುವೆಯಾದರು. ಮೆಕಾಲೆಯವರೊಡನೆ ಕಾನೂನು ಆಯೋಗದಲ್ಲಿ ಕುಳಿತು ಭಾರತದ ದಂಡಸಂಹಿತೆಯ ಕರಡನ್ನು ಸಿದ್ಧಗೊಳಿಸಿದವರಲ್ಲಿ ಈ ಚಾರ್ಲ್ಸ್ ಒಬ್ಬರು. 1860ರಲ್ಲಿ ಶಾಸನವಾದ ಆ ಸಂಹಿತೆ 2024ರವರೆಗೂ ನಮ್ಮನ್ನು ಆಳಿತೆಂದರೆ, ಗಂಡನ ಕೃತಿಗೂ ಆಯುಸ್ಸು ಕಡಿಮೆಯಿರಲಿಲ್ಲ.

ಹರ್ಷೆಲರ ಸ್ನೇಹ ಜೂಲಿಯಾ ಅವರ ಬಾಳಿನಲ್ಲಿ ದೊಡ್ಡ ಮಾತು. ಬೆಳಕು ತಾಗದ ಬೆಳ್ಳಿಯ ಲವಣವನ್ನು ಕರಗಿಸಿ ಚಿತ್ರವನ್ನು ಶಾಶ್ವತಗೊಳಿಸುವ ಹೈಪೋ ದ್ರಾವಣದ ಗುಣವನ್ನು ಕಂಡುಹಿಡಿದವರು ಅವರೇ. ಛಾಯಾಗ್ರಹಣವೆಂಬ ಹೊಸ ವಿದ್ಯೆ ಹುಟ್ಟಿದ ಸುದ್ದಿಯನ್ನು ಕಲ್ಕತ್ತೆಯಲ್ಲಿದ್ದ ಆಕೆಗೆ ಪತ್ರಮುಖೇನ ತಿಳಿಸಿ, ಕೆಲವು ಮಾದರಿಗಳನ್ನೂ ಕಳುಹಿಸಿದರು. ಆದರೆ ಆಕೆಯ ಕೈಗೆ ಕ್ಯಾಮೆರಾ ಬಂದದ್ದು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಲ್ಲಿಯವರೆಗಿನ ಕಥೆಯೆಲ್ಲ ಸಂಸಾರದ್ದು: ಮಕ್ಕಳು, ಸಾಕಿಕೊಂಡ ಅನಾಥರು, ಲೆಕ್ಕವಿಲ್ಲದಷ್ಟು ಪತ್ರಗಳು, ಜರ್ಮನ್ ಭಾಷೆಯಿಂದ ಬ್ಯೂರ್ಗರ್ ಕವಿಯ ಕಥನಕವನವೊಂದರ ಅನುವಾದ. 1848ರಲ್ಲಿ ಸಂಸಾರ ಇಂಗ್ಲೆಂಡಿಗೆ ಹೋಯಿತು. 1860ರಲ್ಲಿ ವೈಟ್ ದ್ವೀಪದ ಫ್ರೆಷ್‌ವಾಟರ್ ಎಂಬ ಊರಿನಲ್ಲಿ, ಕವಿ ಟೆನಿಸನ್ನರ ನೆರೆಯಲ್ಲಿ ನೆಲೆಸಿತು. ಸಿಂಹಳದಲ್ಲಿದ್ದ ಕಾಫಿಯ ತೋಟದ ನೆನಪಿಗೆ ಮನೆಗೆ ಡಿಂಬೋಲಾ ಎಂದು ಹೆಸರಿಟ್ಟರು.

1863ರ ಡಿಸೆಂಬರಿನಲ್ಲಿ, ಗಂಡ ಸಿಂಹಳಕ್ಕೆ ಹೋಗಿದ್ದಾಗ, ಒಂಟಿತನ ಕಳೆಯಲೆಂದು ಮಗಳು ಮತ್ತು ಅಳಿಯ ಒಂದು ಕ್ಯಾಮೆರಾವನ್ನು ಉಡುಗೊರೆ ಕೊಟ್ಟರು. ಆಗ ಆಕೆಗೆ ನಲವತ್ತೆಂಟು ವರ್ಷ. ಕಲ್ಲಿದ್ದಲಿನ ಕೋಣೆ ಕತ್ತಲಕೋಣೆಯಾಯಿತು; ಕೋಳಿಗಳಿಗೆ ಬಿಡುಗಡೆಯಾಗಿ ಕೋಳಿಗೂಡಿಗೆ ಗಾಜು ಕೂತು ಚಿತ್ರಶಾಲೆಯಾಯಿತು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟನ್ನು ಸಮವಾಗಿ ಹರಿಸಿ, ಬೆಳ್ಳಿಯ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಬೆಳಕಿಗೊಡ್ಡಿ, ಒಣಗುವುದರೊಳಗೆ ಸಂಸ್ಕರಿಸಬೇಕಾದ ಕಾಲವದು. ಬೆರಳು ಬಟ್ಟೆ ಎಲ್ಲ ಕಪ್ಪು. ಊರಿನ ರೈತನೊಬ್ಬನಿಗೆ ಹಣ ಕೊಟ್ಟು ಕೂರಿಸಿ ತೆಗೆದ ಮೊದಲ ಚಿತ್ರವನ್ನು ಹಸಿಯ ಬದಿಗೆ ಕೈ ತಾಗಿಸಿ ತಾವೇ ಒರೆಸಿಬಿಟ್ಟರು. 1864ರ ಜನವರಿ 29ರಂದು ಆ್ಯನಿ ಎಂಬ ಪುಟ್ಟ ಹುಡುಗಿಯ ಚಿತ್ರ ಬಂತು. ಮಗುವಿಗೆ ಕೊಡಲು ಉಡುಗೊರೆ ಹುಡುಕುತ್ತ ಮನೆಯೆಲ್ಲ ಓಡಾಡಿದ್ದನ್ನು ಆಕೆಯೇ ಬರೆದುಕೊಂಡಿದ್ದಾರೆ.

ಇನ್ನು ಮಸೂರದ ಮಾತು. ಆಕೆಯ ಮೊದಲ ಮಸೂರ ಪ್ಯಾರಿಸಿನ ಜಾಮೆಂ ಎಂಬಾತ ತಯಾರಿಸಿದ್ದು. ಗಾಜಿನ ಮಸೂರವೊಂದು ಎಲ್ಲ ಬಣ್ಣಗಳ ಕಿರಣಗಳನ್ನೂ ಒಂದೇ ಬಿಂದುವಿಗೆ ತರಲಾರದು. ನೀಲಿ ನೇರಿಳೆಗಳು ಹೆಚ್ಚು ಬಾಗಿ ಮಸೂರದ ಸಮೀಪದಲ್ಲಿ ಕೂಡುತ್ತವೆ, ಹಳದಿ ಕಿರಣಗಳು ತುಸು ಆಚೆ. ಮನುಷ್ಯನ ಕಣ್ಣಿಗೆ ಪ್ರಖರವಾಗಿ ತೋರುವುದು ಹಳದಿ ಹಸಿರಿನ ಬೆಳಕು. ಕೊಲೋಡಿಯನ್ ಫಲಕಕ್ಕಾದರೋ ನೀಲಿ ನೇರಿಳೆಗಳೇ ಗೋಚರ. ಆದ್ದರಿಂದ ಹಿಂಬದಿಯ ಮಸುಕು ಗಾಜಿನ ಮೇಲೆ ಕಣ್ಣಿಟ್ಟು ನಾಭಿ ಸರಿಪಡಿಸಿ, ಅದೇ ಜಾಗದಲ್ಲಿ ಫಲಕವನ್ನಿಟ್ಟರೆ, ಕಣ್ಣು ಕಂಡ ನಾಭಿ ಒಂದು, ಫಲಕ ಕಂಡ ನಾಭಿ ಇನ್ನೊಂದು. ಲಂಡನ್ನಿನಲ್ಲಿ ಚಿತ್ರಶಾಲೆ ನಡೆಸುತ್ತಿದ್ದ ಫ್ರೆಂಚ್ ಮೂಲದ ಆಂಟೊಯಿನ್ ಕ್ಲೋಡೆ ಈ ಭೇದವನ್ನು 1840ರ ದಶಕದಲ್ಲಿಯೇ ಪ್ರಕಟಿಸಿದ್ದರು. ಅದನ್ನು ಅಳೆಯಲು ಅವರು ರೂಪಿಸಿದ ಉಪಕರಣವನ್ನು ಓದಿ ನನಗೆ ನಗು ಬಂತು: ಅಂಕೆ ಬರೆದ ತುಂಡುಗಳನ್ನು ಬೀಸಣಿಗೆಯಂತೆ ಒಂದರ ಹಿಂದೊಂದು, ಸ್ವಲ್ಪ ಸ್ವಲ್ಪವೇ ದೂರದಲ್ಲಿ ಜೋಡಿಸುವುದು, ನಡುವಿನ ಅಂಕೆಗೆ ಕಣ್ಣಿನಿಂದ ನಾಭಿ ಹಿಡಿದು ಚಿತ್ರ ತೆಗೆಯುವುದು, ಫಲಕದಲ್ಲಿ ಯಾವ ಅಂಕೆ ನಿಚ್ಚಳವಾಗಿದೆಯೋ ಅಷ್ಟು ತಿದ್ದಿಕೊಳ್ಳುವುದು. ನನ್ನ ಊಟದ ಮೇಜಿನ ಅಳತೆಪಟ್ಟಿಗೆ ನೂರೈವತ್ತು ವರ್ಷಕ್ಕೂ ಮಿಕ್ಕ ಪೂರ್ವಿಕರಿದ್ದರು.

ಜಾಮೆಂ ಮಸೂರದಲ್ಲಿ ಈ ಎರಡು ನಾಭಿಗಳು ಕೂಡುತ್ತಿರಲಿಲ್ಲವೆಂದು ಆಕೆಯ ಚಿತ್ರಗಳನ್ನು ಪರಿಶೀಲಿಸಿದವರು ಅಭಿಪ್ರಾಯಪಟ್ಟಿದ್ದಾರೆ. ಜೊತೆಗೆ ದ್ವಾರ ಅಗಲ. ಕೂತವರು ನಿಮಿಷಗಟ್ಟಲೆ ಕದಲದೆ ಇರಬೇಕು. ಫಲಿತಾಂಶ ಮೃದುವಾದ, ಅಂಚುಗಳು ಕರಗಿದ ಮುಖಗಳು. ಛಾಯಾಗ್ರಾಹಕರ ಪತ್ರಿಕೆಗಳು ಆಕೆಯನ್ನು ಮುಲಾಜಿಲ್ಲದೆ ಖಂಡಿಸಿದವು. ನಾಭಿ ಹಿಡಿಯಲು ಬಾರದು, ಫಲಕದ ಮೇಲೆ ಧೂಳು, ಬೆರಳಚ್ಚು, ಗೀರು. ಇಂಥದನ್ನು ಪ್ರದರ್ಶನಕ್ಕೆ ಇಡುವುದೆಂದರೇನೆಂದು ಅವುಗಳ ಆಕ್ಷೇಪ. ಧೂಳು ಬೆರಳಚ್ಚುಗಳ ಮಾತಿನಲ್ಲಿ ಅವರ ಪಕ್ಷ ನ್ಯಾಯವಾದದ್ದೇ. ಆಕೆಯ ಭಕ್ತರು ಇಂದು ಅವನ್ನೂ ಕಲೆಯ ಲಕ್ಷಣವೆಂದು ಹೊಗಳುವಾಗ ನನಗೆ ಇರುಸುಮುರುಸಾಗುತ್ತದೆ.

ನಾಭಿಯ ಮಾತು ಬೇರೆ. ಮೊದಮೊದಲ ಯಶಸ್ಸು ಆಕಸ್ಮಿಕವೆಂದು ಆಕೆ ತಾವೇ ಒಪ್ಪಿಕೊಂಡಿದ್ದಾರೆ. ಮಸೂರವನ್ನು ತಿರುಗಿಸುತ್ತ ಬರುವಾಗ ತಮ್ಮ ಕಣ್ಣಿಗೆ ಸುಂದರವಾಗಿ ಕಂಡ ಕಡೆ ನಿಂತುಬಿಡುತ್ತಿದ್ದರಂತೆ. ಎಲ್ಲರೂ ಮಾಡುವ ಹಾಗೆ ಇನ್ನೂ ಖಚಿತವಾದ ಬಿಂದುವಿಗೆ ಹೋಗುತ್ತಿರಲಿಲ್ಲವಂತೆ. 1864ರ ಕೊನೆಯಲ್ಲಿ ಹರ್ಷೆಲರಿಗೆ ಬರೆದ ಪತ್ರದಲ್ಲಿ, ನಾಭಿಯೆಂದರೆ ಏನು, ಯಾವುದು ಸಕ್ರಮವಾದ ನಾಭಿಯೆಂದು ಹೇಳುವ ಹಕ್ಕು ಯಾರಿಗಿದೆ ಎಂದು ಪ್ರಶ್ನಿಸಿದರು. ಮುಂದೆ 1866ರಲ್ಲಿ ಆಕೆ ಇನ್ನೂ ದೊಡ್ಡ ಕ್ಯಾಮೆರಾ ಕೊಂಡರು: ಹದಿನೈದು ಅಂಗುಲಕ್ಕೆ ಹನ್ನೆರಡು ಅಂಗುಲದ ಫಲಕ, ಮೂವತ್ತು ಅಂಗುಲ ನಾಭಿದೂರದ ಡಾಲ್‌ಮೇಯರ್ ಮಸೂರ. ಆ ಕಾಲದ ಮಟ್ಟಿಗೆ ಬಹಳ ಚೆನ್ನಾಗಿ ತಿದ್ದಿದ ಮಸೂರವದು. ದೋಷವೇ ಆಕೆಯ ಶೈಲಿಯಾಗಿದ್ದರೆ ಇಲ್ಲಿಗೆ ಶೈಲಿ ಮುಗಿಯಬೇಕಾಗಿತ್ತು. ಮುಗಿಯಲಿಲ್ಲ. ಇನ್ನೂ ಹತ್ತಿರಕ್ಕೆ ಹೋಗಿ, ಮುಖ ಫಲಕದ ತುಂಬ ಬರುವಂತೆ ತೆಗೆದರು. ಹಾಗೆ ತೆಗೆದಾಗ ಒಂದು ತೆಳುವಾದ ಪದರವಷ್ಟೇ ಸ್ಪಷ್ಟವಾಗಿ, ಅದರ ಹಿಂದುಮುಂದಿನದೆಲ್ಲ ಕರಗಿಹೋಗುತ್ತದೆ. ಹೊಸ ಮಸೂರದಲ್ಲಿಯೂ ಮೃದುತ್ವ ಉಳಿದುದರಿಂದ ಅದು ಆಯ್ಕೆಯೆಂದೇ ನಾನು ತಿಳಿಯುತ್ತೇನೆ. ಆ ಮಸೂರದಿಂದ 1867ರಲ್ಲಿ ಕಾರ್ಲೈಲ್ ಬಂದರು, ಹರ್ಷೆಲ್ ಬಂದರು. 1868ರಲ್ಲಿ ಡಾರ್ವಿನ್ ಬಂದರು. ಕತ್ತಲಿನಿಂದ ಎದ್ದುಬಂದ ಹರ್ಷೆಲರ ನರೆಗೂದಲು, ನೀರುತುಂಬಿದಂಥ ಆ ಮುದಿಗಣ್ಣುಗಳು! ಆಕೆಯ ಒಟ್ಟು ಕೃತಿಯಲ್ಲಿ ಒಂದೇ ಒಂದನ್ನು ಉಳಿಸಿಕೊಳ್ಳಬಹುದೆಂದರೆ ನಾನು ಅದನ್ನು ಆರಿಸುತ್ತೇನೆ. ಐತಿಹಾಸಿಕ ಉಡುಪು ತೊಡಿಸಿ ತೆಗೆದ ರಾಜರಾಣಿಯರ ಚಿತ್ರಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ದೊಡ್ಡವರಷ್ಟೇ ಆಕೆಗೆ ಕೂರಲಿಲ್ಲ. ಮನೆಯ ಸೇವಕಿಯರು ಮರಿಯಮ್ಮನಾದರು, ದೇವದೂತೆಯರಾದರು. ಬೀದಿಯಲ್ಲಿ ಬೇಡುತ್ತಿದ್ದ ಮೇರಿ ರಯಾನ್ ಎಂಬ ಐರಿಷ್ ಹುಡುಗಿಯನ್ನು ಮನೆಗೆ ತಂದು ಬೆಳೆಸಿದ್ದರು. ಆ ಹುಡುಗಿಯನ್ನು ಚಿತ್ರಪ್ರದರ್ಶನವೊಂದರಲ್ಲಿ ಕಂಡು ಮೆಚ್ಚಿ 1867ರಲ್ಲಿ ಮದುವೆಯಾದ ತರುಣನೇ ಹೆನ್ರಿ ಕಾಟನ್. ಮುಂದೆ ಭಾರತೀಯರ ಪಕ್ಷ ವಹಿಸಿ, 1904ರ ಮುಂಬಯಿ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾದವರು.

ಹಣ ಮಾತ್ರ ಒದಗಲಿಲ್ಲ. ಸಿಂಹಳದ ತೋಟಗಳ ಆದಾಯ ಇಳಿಯುತ್ತಿತ್ತು; ಚಿತ್ರಗಳ ಮಾರಾಟದಿಂದ ಸಂಸಾರ ನಡೆಸುವ ಆಸೆ ಕೈಗೂಡಲಿಲ್ಲ. 1869ರಲ್ಲಿ ಅನೇಕ ಫಲಕಗಳ ಮೇಲೆ ಜೇನುಗೂಡಿನಂತೆ ಬಿರುಕು ಬಿಟ್ಟದ್ದನ್ನು ಕಂಡು ಗಾಬರಿಯಾಗಿ, ತಮ್ಮನ್ನು ಹಳಿದ ಛಾಯಾಗ್ರಾಹಕರ ಸಂಘದ ಸಭೆಗೇ ಹೋಗಿ ಕಾರಣ ಕೇಳಿದರು. 1873ರಲ್ಲಿ ಹೆರಿಗೆಯಲ್ಲಿ ಮಗಳು ತೀರಿಕೊಂಡಳು. ಕ್ಯಾಮೆರಾ ಕೊಟ್ಟ ಮಗಳು.

ಇಷ್ಟನ್ನೆಲ್ಲ ಓದಿ ನನ್ನ ಹನ್ನೊಂದು ಚಿತ್ರಗಳನ್ನು ಮತ್ತೆ ತೆರೆದೆ. ಶ್ರೀಮತಿ ಕ್ಯಾಮರನ್ನರ ಹೆಸರು ಹೇಳಿ ಅವನ್ನು ಸಮರ್ಥಿಸಿಕೊಳ್ಳುವ ಆಸೆಯಾದದ್ದು ನಿಜ. ಆದರೆ ಆಕೆ ಮಸುಕು ಗಾಜಿನ ಮೇಲೆ ನೋಡಿ, ಇದು ಸುಂದರವೆಂದು ನಿಂತವರು. ನಾನು ನೋಡಲೇ ಇಲ್ಲ. ಯಂತ್ರ ನೋಡಿಕೊಳ್ಳುತ್ತದೆಂದು ಗುಂಡಿಯೊತ್ತಿದೆ. ಹನ್ನೊಂದು ಸಲ.

1875ರಲ್ಲಿ ಗಂಡಹೆಂಡಿರು ಇಂಗ್ಲೆಂಡನ್ನು ಬಿಟ್ಟು ಗಂಡುಮಕ್ಕಳಿದ್ದ ಸಿಂಹಳಕ್ಕೆ ಹೊರಟರು. ಅಲ್ಲಿ ಸಿಗುತ್ತವೋ ಇಲ್ಲವೋ ಎಂದು ತಮಗಾಗಿ ಎರಡು ಶವಪೆಟ್ಟಿಗೆಗಳನ್ನೂ ಕೊಂಡೊಯ್ದರೆಂದೂ, ದಾರಿಯಲ್ಲಿ ಅವುಗಳೊಳಗೆ ಪಿಂಗಾಣಿ ಸಾಮಾನು ತುಂಬಿತ್ತೆಂದೂ ಕಥೆಯಿದೆ. ಆ ಹೊತ್ತಿಗೆ ಎಲೆಯ ತುಕ್ಕುರೋಗ ಹಬ್ಬಿ ಅಲ್ಲಿನ ಕಾಫಿ ನಾಶವಾಗುತ್ತಿತ್ತು. ಕಳುತರದ ಕಡಲತೀರದ ಮನೆಯಲ್ಲಿ ಆಕೆ ಮತ್ತೆ ಕ್ಯಾಮೆರಾ ಹಿಡಿದರು. ತೋಟದ ಕೂಲಿಯವರನ್ನು, ಅತಿಥಿಯಾಗಿ ಬಂದ ಸಸ್ಯಚಿತ್ರಕಾರ್ತಿ ಮೇರಿಯಾನ್ ನಾರ್ತ್ ಅವರನ್ನು ಕೂರಿಸಿ ತೆಗೆದರು. ಅಲ್ಲಿನ ಚಿತ್ರಗಳಲ್ಲಿ ಉಳಿದವು ಕೆಲವೇ. 1879ರ ಜನವರಿ 26ರಂದು ಡಿಕೋಯ ಕಣಿವೆಯ ಗ್ಲೆನ್‌ಕೇರ್ನ್ ತೋಟದಲ್ಲಿ ಆಕೆ ತೀರಿಕೊಂಡರು. ಮರುವರ್ಷ ಚಾರ್ಲ್ಸ್ ಹೋದರು. ಇಬ್ಬರ ಸಮಾಧಿಯೂ ಬೊಗವಂತಲಾವದ ಸೇಂಟ್ ಮೇರಿ ಇಗರ್ಜಿಯ ಅಂಗಳದಲ್ಲಿದೆ; ಸುತ್ತಲಿನ ಬೆಟ್ಟಗಳಲ್ಲಿ ಈಗ ಕಾಫಿಯಿಲ್ಲ, ಚಹಾ ತೋಟ.