ಕೋಳಿಗೆ ಹಾಕಿದ ಅನ್ನದಲ್ಲಿ ಸಿಕ್ಕ ಸತ್ಯ: ಐಕ್ಮನ್ ಕಥೆ

ಪ್ರಯೋಗಾಲಯದ ಪ್ರಾಣಿಗೆ ಏನಾದರೊಂದು ತಿನ್ನಲು ಹಾಕಿದರೆ ಸಾಕು ಎಂದು ನಾವು ಅಂದುಕೊಳ್ಳುತ್ತೇವೆ. ಇದು ತಪ್ಪು ಎನ್ನಲು ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ (1858–1930) ಅವರ ಬದುಕೇ ಸಾಕ್ಷಿ.

ಬೆರಿಬೆರಿ ಬಂದವರ ಕಾಲು ಸೋಲುತ್ತದೆ, ಹೃದಯ ದುರ್ಬಲವಾಗುತ್ತದೆ. ಇದರ ರೋಗಾಣು ಹುಡುಕಲು ಐಕ್ಮನ್ 1886ರಲ್ಲಿ ಜಾವಾ ದ್ವೀಪದ ಬಟಾವಿಯಾಗೆ, ಅಂದರೆ ಇಂದಿನ ಜಕಾರ್ತಕ್ಕೆ ಹೋದರು. ಶಂಕಿತ ರೋಗಾಣುವನ್ನು ಕೋಳಿಗಳಿಗೆ ಚುಚ್ಚಿದರು. ವಿಚಿತ್ರವೆಂದರೆ, ಚುಚ್ಚದ ಕೋಳಿಗಳೂ ಕಾಲು ಸೋತು ಬಿದ್ದವು. ಬೇರೆ ಗೂಡಿನಲ್ಲಿಟ್ಟವೂ ಉಳಿಯಲಿಲ್ಲ. ಕೆಲವು ತಿಂಗಳ ಬಳಿಕ ರೋಗ ತಾನಾಗಿಯೇ ಮಾಯವಾಯಿತು!

ವಿಚಾರಿಸಿದಾಗ ಗುಟ್ಟು ಹೊರಬಿತ್ತು. ಕೋಳಿಗಳಿಗೆ ಮಿಲಿಟರಿ ಆಸ್ಪತ್ರೆಯಲ್ಲಿ ಮಿಕ್ಕ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವ ಅದನ್ನು ಕೊಡಲು ಒಪ್ಪಲಿಲ್ಲ. ಹಾಗಾಗಿ ಪಾಲಿಶ್ ಮಾಡದ ಅಕ್ಕಿ ಹಾಕಿದ್ದರು.

ತೌಡು ರೋಗ ವಾಸಿ ಮಾಡುತ್ತದೆ ಎಂದು ಐಕ್ಮನ್ ತೋರಿಸಿದರು. ಆದರೆ ಬಿಳಿ ಅನ್ನದಲ್ಲಿ ವಿಷವಿದೆ, ತೌಡು ಅದಕ್ಕೆ ಮದ್ದು ಎಂದೇ ಭಾವಿಸಿದ್ದರು. ತೌಡಿನಲ್ಲಿರುವುದು ದೇಹಕ್ಕೆ ಬೇಕಾದ ಪೋಷಕಾಂಶ ಎಂದು 1901ರಲ್ಲಿ ತಿದ್ದಿದವರು ಗೆರಿಟ್ ಗ್ರೈನ್ಸ್. ಅದೇ ಇಂದಿನ ವಿಟಮಿನ್ ಬಿ1. 1929ರ ನೊಬೆಲ್ ಪ್ರಶಸ್ತಿಯನ್ನು ಐಕ್ಮನ್, ಹಾಪ್ಕಿನ್ಸ್ ಜೊತೆ ಹಂಚಿಕೊಂಡರು.

ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಗೂಡು, ನೀರು, ಆಹಾರವನ್ನು ಬರೆದಿಡುವುದು ಇದಕ್ಕೇ. ‘ಇಲಿಗಳ ಮೇಲೆ ಸಾಬೀತಾಗಿದೆ’ ಎಂಬ ಫಾರ್ವರ್ಡ್ ಬಂದರೆ, ಹಂಚುವ ಮುನ್ನ ನಾವು ಕೇಳಬೇಕಾದ್ದು: ಆ ಇಲಿಗಳು ಏನು ತಿಂದಿದ್ದವು?