ಸೋಲನ್ನೂ ಪಾಠವಾಗಿಸಿದ ಮೇಷ್ಟ್ರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗು ಬೆಳೆಗಾರನಿಗೆ ಕಾಯುವುದು ಗೊತ್ತು. ಕಿತ್ತ ಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂತು, ಒಳಗಿನ ನೀರು ಇಂಗಿದ ಮೇಲಷ್ಟೇ ಉಂಡೆ ಕೊಬ್ಬರಿಯಾಗುತ್ತದೆ. ಅದೇ ಸೀಮೆಯ ಕಾಲೇಜು ಮೈದಾನಗಳಲ್ಲಿ ಮಾತ್ರ ಆ ವ್ಯವಧಾನ ನಮಗಿರುವುದಿಲ್ಲ. ತಂಡ ಒಂದು ಪಂದ್ಯ ಸೋತರೆ ತರಬೇತುದಾರನ ಯೋಗ್ಯತೆಯನ್ನೇ ಪ್ರಶ್ನಿಸುತ್ತೇವೆ. ಹಾಗೆ ಪ್ರಶ್ನಿಸುವ ಮುನ್ನ ಸೈಯದ್ ಅಬ್ದುಲ್ ರಹೀಂ ಅವರ ಬದುಕನ್ನೊಮ್ಮೆ ನೋಡಬೇಕು.

1909ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಹೀಂ, ಉಸ್ಮಾನಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದವರು. ವೃತ್ತಿಯಿಂದ ಶಾಲಾ ಶಿಕ್ಷಕರು. ಅವರು ಪಳಗಿಸಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಅವರ ಮಾರ್ಗದರ್ಶನದಲ್ಲೇ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಇರಾನನ್ನು 1–0ಯಿಂದ ಮಣಿಸಿ ಚಿನ್ನ ಪಡೆಯಿತು.

ಮರುವರ್ಷವೇ ಹೆಲ್ಸಿಂಕಿಯಲ್ಲಿ ಆಘಾತ ಕಾದಿತ್ತು. ಬಹುತೇಕ ಬರಿಗಾಲಲ್ಲಿ ಆಡಿದ ಭಾರತ, ಯುಗೊಸ್ಲಾವಿಯಕ್ಕೆ 10–1ರಿಂದ ಶರಣಾಯಿತು. ಆ ಏಕೈಕ ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಇಂದಾಗಿದ್ದರೆ ತರಬೇತುದಾರನ ತಲೆದಂಡವಾಗುತ್ತಿತ್ತು. ರಹೀಂ ಉಳಿದರು, ಸೋಲಿನ ಕಾರಣ ಹುಡುಕಿದರು. ಆಟಗಾರರು ಬೂಟು ತೊಟ್ಟರು. ಚೆಂಡನ್ನು ಕಾಲಲ್ಲಿಟ್ಟುಕೊಂಡು ಮೆರೆಯುವ ಬದಲು ಬೇಗ ಸಾಗಹಾಕುವುದನ್ನೂ, ದುರ್ಬಲ ಕಾಲಿನಿಂದ ಒದೆಯುವುದನ್ನೂ ರೂಢಿಸಿಕೊಂಡರು.

ಫಲ ಸಿಗಲು ನಾಲ್ಕು ವರ್ಷ ಹಿಡಿಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಭಾರತ, ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡವೆನಿಸಿ ನಾಲ್ಕನೇ ಸ್ಥಾನ ಗಳಿಸಿತು. ಆ ತಂಡದ ಮಧ್ಯಪಂಕ್ತಿಯಲ್ಲಿ ಕನ್ನಡ ನಾಡಿನ ಕೆಂಪಯ್ಯ ಇದ್ದರು.

ಹಾಗೆಂದು ಮುಂದಿನ ಹಾದಿ ಹೂವಿನದಾಗಿರಲಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಜತೆಗಿನ 1–1ರ ಸಮಬಲವೊಂದೇ ಸಮಾಧಾನ. ಉಳಿದೆರಡು ಪಂದ್ಯಗಳಲ್ಲೂ ಸೋಲು. 1962ರ ಜಕಾರ್ತ ಏಷ್ಯನ್ ಕೂಟದ ಮೊದಲ ಪಂದ್ಯದಲ್ಲೂ ದಕ್ಷಿಣ ಕೊರಿಯಾದೆದುರು 0–2ರ ಪರಾಭವ. ಆದರೆ ಅಂತಿಮ ಪಂದ್ಯದಲ್ಲಿ ಅದೇ ಕೊರಿಯಾ ಮತ್ತೆ ಎದುರಾದಾಗ ಭಾರತ 2–1ರಿಂದ ಗೆದ್ದಿತು. ಪಿ.ಕೆ. ಬ್ಯಾನರ್ಜಿ ಹಾಗೂ ಗಾಯಗೊಂಡ ತಲೆಯೊಂದಿಗೇ ಆಡಿದ ಜರ್ನೈಲ್ ಸಿಂಗ್ ಗೋಲು ಹೊಡೆದರು. ಒಂದು ವರ್ಷ ತುಂಬುವ ಮುನ್ನವೇ, 1963ರ ಜೂನ್‌ನಲ್ಲಿ, ಕ್ಯಾನ್ಸರ್ ರಹೀಂ ಅವರನ್ನು ಬಲಿತೆಗೆದುಕೊಂಡಿತು. 1962ರ ನಂತರ 2023ರವರೆಗಿನ ಯಾವ ಏಷ್ಯನ್ ಕೂಟದಲ್ಲೂ ಭಾರತಕ್ಕೆ ಫುಟ್‌ಬಾಲ್ ಚಿನ್ನ ದಕ್ಕಲಿಲ್ಲ.

ಎರಡು ಚಿನ್ನಗಳ ನಡುವಿನ ಹನ್ನೊಂದು ವರ್ಷಗಳಲ್ಲಿ ರಹೀಂ ಉಂಡ ಸೋಲುಗಳು ಕಡಿಮೆಯೇನಲ್ಲ. 10–1ರ ಮರುದಿನವೇ ಅವರನ್ನು ಮನೆಗೆ ಕಳಿಸಿದ್ದರೆ ಮೆಲ್ಬರ್ನ್ ಇರುತ್ತಿರಲಿಲ್ಲ, ಜಕಾರ್ತವೂ ಇರುತ್ತಿರಲಿಲ್ಲ. ಒಳ್ಳೆಯ ಶಿಕ್ಷಕನಿಗೆ ಸಮಾಜ ಕೊಡಬಹುದಾದ ಬಹುದೊಡ್ಡ ಸವಲತ್ತು ಕಾಲಾವಕಾಶ. ಹಸಿಕಾಯಿ ಒಡೆದು ಕೊಬ್ಬರಿ ಹುಡುಕುವವರಿಗೆ ಈ ಮಾತು ತಿಳಿಯಬೇಕಿದೆ.